ಪಬ್ಬಿನಲ್ಲಿ ರೌಂಡು ತಪ್ಪಿಸಿ ಬಂದುಬಿಟ್ಟೆ, ಈಗೇನು ಮಾಡಲಿ?

ರೆಡಿಂಗ್ ಹೊಸಬ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳಾಯಿತು. ರೆಡಿಂಗ್ ಊರಿನ ಅಂಚಿನಲ್ಲಿ ಮನೆ. ನಮ್ಮ ಬೀದಿ ಮೂಲೆಯಲ್ಲಿ ಒಂದು ಹಳೇ ಪಬ್ ಇದೆ. ಹೊರಗೆ ಹೂವಿನ ಬುಟ್ಟಿ ತೂಗುಹಾಕಿದ್ದಾರೆ, ಬಾಗಿಲು ತೆಗೆದರೆ ಯಾರದೋ ನಾಯಿ ಕಾಲಿಗೆ ಅಡ್ಡ ಮಲಗಿರುತ್ತದೆ. ಅದರ ಮುಂದೆ ದಿನಾ ಓಡಾಡಿದ್ದೇನೆ, ಒಳಗೆ ಹೋಗುವ ಧೈರ್ಯ ಮಾತ್ರ ಬಂದಿರಲಿಲ್ಲ.

ಹೋದ ಶುಕ್ರವಾರ ಪಕ್ಕದ ಮನೆ ಯಜಮಾನರು ಏಳು ಗಂಟೆಗೆ ಬಾ ಅಂದರು. ನಾನು ಕಾಲು ಗಂಟೆ ಮುಂಚೆಯೇ ಹೋಗಿ ಕಿಟಕಿ ಪಕ್ಕದ ಟೇಬಲ್ ಹಿಡಿದು ಕೂತೆ. ಮೆನು ಇತ್ತು, ಓದಿದೆ. ಇನ್ನೊಂದು ಸಲ ಓದಿದೆ. ಯಾರೂ ಕೇಳಲಿಕ್ಕೆ ಬರಲಿಲ್ಲ. ಕೊನೆಗೆ ಕೈ ಎತ್ತಿದೆ. ಕೌಂಟರಿನಲ್ಲಿದ್ದ ಹುಡುಗಿ ನಕ್ಕು, ನನಗೆ ವಾಪಸ್ ಕೈ ಬೀಸಿದಳು!

ಆಮೇಲೆ ಅವರು ನಾಲ್ಕು ಜನ ಬಂದರು. ಒಬ್ಬರು ಎಲ್ಲರಿಗೂ ಬಿಯರ್ ತಂದರು. ಅದು ಮುಗಿಯುವ ಹೊತ್ತಿಗೆ ಇನ್ನೊಬ್ಬರು ಎದ್ದು ಹೋಗಿ ಎಲ್ಲರಿಗೂ ತಂದರು. ಆಮೇಲೆ ಮೂರನೆಯವರು. ನಾನು ಆರಾಮಾಗಿ ಕುಡಿದು, ಒಂಬತ್ತಕ್ಕೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಮನೆ ಗೇಟ್ ಹತ್ತಿರ ಬಂದಾಗ ತಲೆಗೆ ಹೊಳೆಯಿತು. ನಾನು ಒಂದು ಪೆನ್ನಿಯೂ ಬಿಚ್ಚಿಲ್ಲ. ಸೋಮವಾರ ಬೆಳಗ್ಗೆ ಕಸದ ಡಬ್ಬಿ ಹೊರಗಿಡುವಾಗ ಯಜಮಾನರು "ನಿಂದೊಂದು ಬಾಕಿ ಇದೆ" ಅಂತ ನಕ್ಕರು. ಅದು ಜೋಕಾ, ಬೈಗುಳವಾ?

ಇನ್ನೊಂದು ಪ್ರಶ್ನೆ. ಭಾನುವಾರದ ಊಟಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಾ ಅಂದಿದ್ದಾರೆ. ಅವಳು ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ, ಕುಡಿಯೋದೂ ಇಲ್ಲ. ಅಲ್ಲಿ ಏನು ತಿನ್ನಬಹುದು?

ಕಾಫಿಪುಡಿ

ವಾಪಸ್ ಕೈ ಬೀಸಿದ್ದು ಓದಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ಸ್ವಾಮಿ, ದರ್ಶಿನಿ ಲೆಕ್ಕ ಹಾಕಿಕೊಳ್ಳಿ. ಕೌಂಟರಿಗೆ ಹೋಗಿ, ಹೇಳಿ, ದುಡ್ಡು ಕೊಟ್ಟು, ಲೋಟ ನೀವೇ ಹೊತ್ತುಕೊಂಡು ಬರಬೇಕು. ಊಟ ಆದರೆ ಟೇಬಲ್ ನಂಬರ್ ನೋಡಿಕೊಂಡು ಹೋಗಿ ಹೇಳಿ, ಅದನ್ನು ಮಾತ್ರ ಅವರೇ ತಂದುಕೊಡುತ್ತಾರೆ. ಮೇಜಿನ ಮೂಲೆಯಲ್ಲಿ ಸಣ್ಣ ಹಿತ್ತಾಳೆ ಬಿಲ್ಲೆ ಮೇಲೆ ನಂಬರ್ ಇರುತ್ತದೆ. ನಾನು ಮೊದಲನೇ ಸಲ ಅದನ್ನು ಫರ್ನಿಚರ್ ಕಂಪನಿಯದು ಅಂದುಕೊಂಡಿದ್ದೆ.

ಸ್ಲೌ ಸುಬ್ಬ

ಅದು ಜೋಕೇ, ಆದರೆ ನಿಜವಾದ ಜೋಕು. ರೌಂಡು ಅಂದರೆ ನಮ್ಮ ಮುಯ್ಯಿ ಇದ್ದ ಹಾಗೆ. ಊರಲ್ಲಿ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಅಜ್ಜಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರಲ್ಲ. ಇಲ್ಲಿ ಪುಸ್ತಕ ಇಲ್ಲ, ಎಲ್ಲರ ತಲೆಯಲ್ಲೂ ಇರುತ್ತದೆ. ಬಾಯಿಬಿಟ್ಟು ಯಾರೂ ಕೇಳೋದಿಲ್ಲ. ಹತ್ತು ವರ್ಷ ಆದಮೇಲೆ ನಿಮ್ಮ ಬೆನ್ನ ಹಿಂದೆ "ಅವನಾ, ಜೇಬಿಗೆ ಕೈ ಹಾಕದವನು" ಅಂತಾರೆ ಅಷ್ಟೆ.

ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಹೋಗಿ. ಅವರು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತು "ಇದು ನನ್ನದು, ಯಾರಿಗೇನು?" ಅನ್ನಿ. ಮೊದಲನೇ ರೌಂಡು ಕೊಡಿಸಿದವನನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನಾಲ್ಕನೇದು ಕೊಡಿಸಿದವನನ್ನು ಯಾರೂ ನೆನಪಿಡೋಲ್ಲ, ಆ ಹೊತ್ತಿಗೆ ನೆನಪಿಡುವ ಸ್ಥಿತಿಯಲ್ಲಿ ಯಾರೂ ಇರೋಲ್ಲ.

ಲೆಕ್ಕದ ಮೇಷ್ಟ್ರು

ನನಗೆ ಈ ರೌಂಡ್ ಪದ್ಧತಿ ಒಪ್ಪಿಗೆ ಇಲ್ಲ. ನಾನು ಕುಡಿಯೋದು ಲೈಮ್ ಸೋಡಾ. ಒಂದೂವರೆ ಪೌಂಡು. ನಮ್ಮ ಆಫೀಸಿನವರು ಕುಡಿಯೋದು ಐದೂವರೆ ಪೌಂಡಿನ ಪೈಂಟು ಬಿಯರ್. ಆರು ಜನ ಇದ್ದರೆ ನಾನು ಒಂದು ರೌಂಡು ಕೊಡಿಸಿದರೆ 29 ಪೌಂಡು ಆಗುತ್ತದೆ, ನಾನು ಕುಡಿದಿದ್ದು ಆರು ಲೋಟ ಸೋಡಾ, ಅಂದರೆ 9 ಪೌಂಡು. ಇದು ಯಾವ ನ್ಯಾಯ?

ಕೊಡಗಿನ ಹುಡುಗಿ

ಆರು ಲೋಟ ಸೋಡಾ ಕುಡಿದ ಹೊಟ್ಟೆಗೆ ನನ್ನ ನಮಸ್ಕಾರ.

ಸ್ಲೌ ಸುಬ್ಬ

ಮೇಷ್ಟ್ರೇ, ಮೊದಲೇ "ನಾನು ನನ್ನದು ನೋಡಿಕೊಳ್ಳುತ್ತೇನೆ, ಬೇಗ ಹೊರಡಬೇಕು" ಅಂದುಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಮೂರು ರೌಂಡು ಕುಡಿದಮೇಲೆ ಲೆಕ್ಕ ಶುರುಮಾಡಿದರೆ ಕಷ್ಟ. ಮತ್ತೆ ಒಬ್ಬರ ಜೊತೆಯೋ ಇಬ್ಬರ ಜೊತೆಯೋ ಸಣ್ಣ ಗುಂಪು ಮಾಡಿಕೊಳ್ಳಬಹುದು. ಹನ್ನೆರಡು ಜನ ಇರುವ ಕಡೆ ದೊಡ್ಡ ರೌಂಡಿಗೆ ಸೇರಬಾರದು, ಇದು ಅನುಭವದ ಮಾತು.

ಯಾರ್ಕ್‌ಶೈರ್ ಗೌಡ

ಸಸ್ಯಾಹಾರದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ. ನಾನು ಲೀಡ್ಸ್ ಹತ್ತಿರ ಹದಿನಾಲ್ಕು ವರ್ಷದಿಂದ ಇದ್ದೇನೆ, ಹೆಂಡತಿ ನಿಮ್ಮವರ ಹಾಗೇ. ಪೆಟ್ಟು ತಿಂದು ಕಲಿತಿದ್ದನ್ನು ಹೇಳುತ್ತೇನೆ.

ಭಾನುವಾರ ಅಂದರೆ ಸಂಡೇ ರೋಸ್ಟ್. ಹುರಿದ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಮೇಲೆ ಮಾಂಸದ ರಸದ ಗ್ರೇವಿ. ಸಸ್ಯಾಹಾರಿಗಳಿಗೆ ಮಾಂಸದ ಜಾಗದಲ್ಲಿ ಗೋಡಂಬಿ ಥರದ ಬೀಜಗಳನ್ನು ಪುಡಿಮಾಡಿ ಬೇಯಿಸಿದ ನಟ್ ರೋಸ್ಟ್ ಕೊಡುತ್ತಾರೆ. ಅದಕ್ಕೆ ಹಿಡಿತ ಬರಲಿ ಅಂತ ಕೆಲವು ಕಡೆ ಮೊಟ್ಟೆ ಹಾಕುತ್ತಾರೆ, ಕೇಳಬೇಕು. ತಟ್ಟೆಯ ಮೇಲೆ ಬಟ್ಟಲಿನ ಹಾಗೆ ಉಬ್ಬಿ ಕೂತಿರುತ್ತಲ್ಲ, ಯಾರ್ಕ್‌ಶೈರ್ ಪುಡ್ಡಿಂಗ್, ಅದು ಮೊಟ್ಟೆ ಇಲ್ಲದೆ ಉಬ್ಬೋದೇ ಇಲ್ಲ. ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲಿ ಹುರಿದಿರಬಹುದು. ಗ್ರೇವಿ ಬೇರೆ ಇದೆಯಾ ಅಂತ ಕೇಳಬೇಕು. ನಮ್ಮ ಕಡೆ ಚಿಪ್ಸ್ (ಅಂದರೆ ಫ್ರೆಂಚ್ ಫ್ರೈಸ್ ಥರದ್ದು) ಕೂಡ ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳಿವೆ. ದಕ್ಷಿಣದಲ್ಲಿ ಎಣ್ಣೆ ಜಾಸ್ತಿ, ಆದರೆ ಮೀನು ಕರಿದ ಬಾಣಲೆಯಲ್ಲೇ ಚಿಪ್ಸ್ ಬೀಳಬಹುದು.

ಒಂದು ಉಪಾಯ ಇದೆ. ಇಲ್ಲಿನ ಕಾನೂನು ಪ್ರಕಾರ 14 ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ಅಡುಗೆಯಲ್ಲಿದೆ ಅಂತ ಹೋಟೆಲಿನವರು ಹೇಳಲೇಬೇಕು. ಮೊಟ್ಟೆ, ಮೀನು ಎರಡೂ ಆ ಪಟ್ಟಿಯಲ್ಲಿವೆ. ಅಲರ್ಜಿ ಫೈಲ್ ಕೊಡಿ ಅಂದರೆ ತಂದುಕೊಡುತ್ತಾರೆ. ದನದ ಕೊಬ್ಬು ಆ ಪಟ್ಟಿಯಲ್ಲಿಲ್ಲ! ಅದನ್ನು ಬಾಯಿಬಿಟ್ಟು ಕೇಳಬೇಕು. ನಾವು ಇದನ್ನು ತಿಳಿದುಕೊಂಡಿದ್ದು ಎರಡನೇ ಬಟ್ಟಲು ಚಿಪ್ಸ್ ಖಾಲಿಯಾದ ಮೇಲೆ. ನನ್ನ ಹೆಂಡತಿ ಆ ಊರಿನ ದಾರಿಯಲ್ಲೇ ಇವತ್ತಿಗೂ ಕಾರು ನಿಲ್ಲಿಸೋಲ್ಲ.

ಕಣ್ಣುಮುಚ್ಚಿ ಹೇಳಬಹುದಾದ್ದು ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಜಾಕೆಟ್ ಆಲೂಗಡ್ಡೆ, ಮೇಲೆ ಟೊಮೆಟೊ ಸಾಸಿನ ಬೇಕ್ಡ್ ಬೀನ್ಸ್ ಮತ್ತು ಚೀಸ್. ಪುಡಿ ಉಪ್ಪು, ಕಾಳುಮೆಣಸು ಮೇಜಿನ ಮೇಲೇ ಇರುತ್ತವೆ. ನಿಮ್ಮವರು ಚಟ್ನಿಪುಡಿ ಪರ್ಸಿನಲ್ಲಿಟ್ಟುಕೊಂಡು ಬರುವವರಾದರೆ ಇನ್ನೂ ಒಳ್ಳೇದು.

ಕಾಫಿಪುಡಿ

ಪ್ಲೌಮನ್ಸ್ ಲಂಚ್ ಬಿಟ್ಟಿರಲ್ಲ! ಬ್ರೆಡ್ಡು, ಚೀಸ್, ಉಪ್ಪಿನಕಾಯಿ ಈರುಳ್ಳಿ, ಒಂದು ಸೇಬು. ಬಿಸಿ ಇಲ್ಲ ಅನ್ನೋದೊಂದೇ ಕೊರತೆ. ನೇಗಿಲು ಹೊಡೆಯುವ ರೈತ ತಿನ್ನುತ್ತಿದ್ದ ಊಟ ಅಂತ ಎಷ್ಟು ಚೆನ್ನಾಗಿದೆ ಕೇಳಲಿಕ್ಕೆ.

ಯಾರ್ಕ್‌ಶೈರ್ ಗೌಡ

ರೈತ ಬ್ರೆಡ್ಡು ಚೀಸ್ ತಿನ್ನುತ್ತಿದ್ದದ್ದು ಹೌದು. ಆದರೆ ಆ ಹೆಸರನ್ನು ಊರೆಲ್ಲ ಹಬ್ಬಿಸಿದ್ದು 1950, 60ರ ದಶಕದ ಚೀಸ್ ಪ್ರಚಾರದವರು. ಯುದ್ಧಕಾಲದ ರೇಷನ್ ಮುಗಿದಿತ್ತು, ಚೀಸ್ ಮಾರಬೇಕಿತ್ತು. ಮತ್ತೆ, ಕೆಲವು ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದನ್ನೂ ನೋಡಿಕೊಳ್ಳಿ.

ಕೊಡಗಿನ ಹುಡುಗಿ

ಗೌಡರೇ, ಆ ಹೆಣ್ಣುಮಗಳು ಇನ್ನು ಮನೆಯಿಂದ ಹೊರಗೇ ಬರೋಲ್ಲ.

ಮೈಸೂರ್ ಮಲ್ಲಿಗೆ

ಬಿಯರಿನಲ್ಲೂ ಮೀನು ಇರುತ್ತೆ ಅಂತ ಕೇಳಿದ್ದೆ. ಯಾರೋ ಸುಮ್ನೆ ಹೆದರಿಸಿದ್ದಾ?

ಯಾರ್ಕ್‌ಶೈರ್ ಗೌಡ

ನಿಜ. ಕೈಯಿಂದ ಜಗ್ಗುವ ಪಂಪಿನಲ್ಲಿ ಬರುತ್ತಲ್ಲ, ಕಾಸ್ಕ್ ಏಲ್, ಅದು ಪೀಪಾಯಿಯೊಳಗೇ ಇನ್ನೊಮ್ಮೆ ಹುದುಗುತ್ತದೆ. ಈಸ್ಟ್ ತಳಕ್ಕೆ ಇಳಿಯಲಿ ಅಂತ ಎಷ್ಟೋ ಕಡೆ ಐಸಿಂಗ್ಲಾಸ್ ಹಾಕುತ್ತಾರೆ. ಮೀನಿನ ಗಾಳಿಚೀಲ ಒಣಗಿಸಿ ಮಾಡಿದ ಅಂಟು ಅದು. ಗಷ್ಟಿನ ಜೊತೆ ಅದೂ ಪೀಪಾಯಿ ತಳದಲ್ಲೇ ಕೂರುತ್ತದೆ, ಲೋಟಕ್ಕೆ ಬರೋದು ಇಲ್ಲವೇ ಇಲ್ಲ ಅನ್ನುವಷ್ಟು. ಆದರೂ ಮೀನು ಮೀನೇ ತಾನೇ. ಬಿಯರ್ ತಿಳಿಮಾಡಲು ಹಾಕಿದ ಈ ಅಂಟಿಗೆ ಅಲರ್ಜಿ ನಿಯಮದಲ್ಲೂ ವಿನಾಯಿತಿ ಇದೆ, ಹಾಗಾಗಿ ಫೈಲಿನಲ್ಲಿ ಸಿಗೋಲ್ಲ. ಗಿನ್ನೆಸ್ ಬಿಯರಿನವರು 2015ರಲ್ಲಿ ಇದನ್ನು ಬಿಡುತ್ತೇವೆ ಅಂತ ಹೇಳಿ, ಆಮೇಲೆ ಬಿಟ್ಟೂಬಿಟ್ಟರು.

ಮೈಸೂರ್ ಮಲ್ಲಿಗೆ

ನಮ್ಮ ಮಾವ ಹನ್ನೊಂದು ವರ್ಷ ಬೇಸಿಗೆಗೆ ಬಂದಾಗಲೆಲ್ಲ ಅದನ್ನೇ ಕುಡಿದಿದ್ದಾರೆ. ಏಕಾದಶಿ ದಿನ ಮಾತ್ರ ಇಲ್ಲ. ನಾನಂತೂ ಅವರಿಗೆ ಹೇಳೋಲ್ಲ.

ಧಾರವಾಡದಾಂವ

ನನಗ ಒಂದು ಗೊತ್ತಾಗವಲ್ದು. ಆ ಕಾಸ್ಕ್ ಏಲ್ ಯಾಕ ಅಷ್ಟು ಬೆಚ್ಚಗ ಇರ್ತದ? ಹೋದ ವಾರ ಫ್ರಿಜ್ ಕೆಟ್ಟದೇನು ಅಂತ ಕೇಳಿಬಿಟ್ಟೆ. ಇಡೀ ಬಾರು ನನ್ನ ಕಡೆ ತಿರುಗಿತು.

ಸ್ಲೌ ಸುಬ್ಬ

ಬೆಚ್ಚಗಲ್ಲ, ನೆಲಮಾಳಿಗೆಯ ತಂಪು. 11ರಿಂದ 13 ಡಿಗ್ರಿ. ಅದಕ್ಕಿಂತ ತಣ್ಣಗಾದರೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಘಮವೇ ಸತ್ತುಹೋಗುತ್ತದೆ ಅನ್ನುವುದು ಅವರ ವಾದ. ಮಣ್ಣಿನ ಹೂಜಿಯ ನೀರಿಗೂ ಫ್ರಿಜ್ ನೀರಿಗೂ ಇರುವ ವ್ಯತ್ಯಾಸ. ಈ ಏಲ್ ಉಳಿಸಬೇಕು ಅಂತಲೇ 1971ರಲ್ಲಿ ಕ್ಯಾಮ್ರಾ ಅಂತ ಸಂಘ ಕಟ್ಟಿದರು, ಈಗಲೂ ಇದೆ. ಐಸ್ ಥರ ಬೇಕಂದರೆ ಲಾಗರ್ ಕೇಳಿ. ಯಾವ ಏಲ್ ತೆಗೆದುಕೊಳ್ಳೋದು ಅಂತ ಗೊತ್ತಾಗದಿದ್ದರೆ "ಸ್ವಲ್ಪ ರುಚಿ ನೋಡಲಾ?" ಅನ್ನಿ. ಪುಟ್ಟ ಲೋಟದಲ್ಲಿ ಒಂದು ಗುಟುಕು ಪುಕ್ಕಟೆ ಕೊಡುತ್ತಾರೆ. ಎರಡು ಸಲ ಕೇಳಬಹುದು. ಐದು ಸಲ ಕೇಳಿದ ನನ್ನ ಭಾಮೈದನಿಗೆ ಕೌಂಟರಿನವರು ಮಣೆ ಹಾಕಿ ಕೂರಿಸಲಾ ಅನ್ನೋ ಮುಖ ಮಾಡಿದ್ದರು.

ಇನ್ನೊಂದು. ಪೈಂಟ್ ಅಂದರೆ 568 ಮಿಲಿ. ಊರಿನ ದೊಡ್ಡ ಬಾಟ್ಲಿಗಿಂತ ಸ್ವಲ್ಪ ಕಮ್ಮಿ ಅಷ್ಟೆ. ಮೂರು ಪೈಂಟ್ ಕುಡಿದು ನಡೆದು ಮನೆಗೆ ಹೋದ ಹೊಸಬರು ಗಟ್ಟಿಗರು. ಅರ್ಧ ಪೈಂಟ್ ಕೇಳೋದರಲ್ಲಿ ಏನೂ ನಾಚಿಕೆ ಇಲ್ಲ.

ಹಳೇ ಬರ್ಮಿಂಗ್‌ಹ್ಯಾಮ್

ಇಷ್ಟು ಕಷ್ಟ ಯಾಕೆ? ನಮ್ಮ ಕಡೆ ಬನ್ನಿ. ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆ ಪಂಜಾಬಿಗಳು ನಡೆಸುವ ದೇಸಿ ಪಬ್‌ಗಳಿವೆ. ಹೊರಗಿನಿಂದ ನೋಡಿದರೆ ಅಪ್ಪಟ ಇಂಗ್ಲಿಷ್ ಪಬ್, ಅದೇ ಬೋರ್ಡು, ಅದೇ ಡಾರ್ಟ್ಸ್. ಒಳಗೆ ಕಬ್ಬಿಣದ ಬಾಣಲೆಯಲ್ಲಿ ಚುಂಯ್ ಅಂತ ಮಿಕ್ಸೆಡ್ ಗ್ರಿಲ್ ಬರುತ್ತದೆ. ಪನೀರ್ ಟಿಕ್ಕಾ, ಮೊಗೊ ಚಿಪ್ಸ್ (ಮರಗೆಣಸು) ಕೂಡ. ಅಜ್ಜಂದಿರು ಬ್ಲ್ಯಾಕ್ ಕಂಟ್ರಿ ಅನ್ನೋ ಈ ಪ್ರದೇಶದ ಇಂಗ್ಲಿಷಿನಲ್ಲಿ ಪಂಜಾಬಿ ಬೈಗುಳ ಬೆರೆಸಿ ಇಸ್ಪೀಟಾಡುತ್ತಿರುತ್ತಾರೆ.

ಈ ಪಬ್‌ಗಳು ಸುಮ್ಮನೆ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಸ್ಮೆದಿಕ್‌ನ ಎಷ್ಟೋ ಪಬ್‌ಗಳಲ್ಲಿ ನಮ್ಮಂಥವರನ್ನು ಒಳಕೋಣೆಗೆ ಬಿಡುತ್ತಿರಲಿಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನವರು ಬಿಳಿಯ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ಕೊಡುತ್ತಾರೆ, ನಮಗೆ ಕೊಡೋಲ್ಲ ಅನ್ನೋದನ್ನು ಸಾಕ್ಷಿ ಸಮೇತ ಹಿಡಿದು ಲೈಸೆನ್ಸಿಗೇ ತಕರಾರು ಹಾಕುತ್ತಿದ್ದರು. 1965ರ ಫೆಬ್ರುವರಿಯಲ್ಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಊರಿಗೆ ಬಂದಿದ್ದ. ಒಂಬತ್ತೇ ದಿನಕ್ಕೆ ನ್ಯೂಯಾರ್ಕಿನಲ್ಲಿ ಅವನ ಕೊಲೆಯಾಯಿತು. ಅದೇ ವರ್ಷ ಬಂದ ಕಾನೂನು ಪಬ್‌ಗಳಲ್ಲಿ ಬಣ್ಣ ನೋಡಿ ಹೊರಹಾಕುವುದನ್ನು ನಿಲ್ಲಿಸಿತು, ಕಾಗದದ ಮೇಲಾದರೂ. ನಾನು ಬಂದಾಗ ಅದೆಲ್ಲ ಮುಗಿದಿತ್ತು. ಆದರೆ ನನಗೆ ಮೊದಲ ಪೈಂಟ್ ಕೊಡಿಸಿದ ಸರ್ದಾರ್ಜಿ ಅದನ್ನು ನೋಡಿದವರು. ಅವರು ಯಾವಾಗಲೂ ಒಳಕೋಣೆಯಲ್ಲೇ ಕೂರುತ್ತಿದ್ದರು, ಹೊರಗೆ ಎಷ್ಟೇ ಜಾಗ ಇದ್ದರೂ.

ಕಾಫಿಪುಡಿ

ಇದು ಗೊತ್ತೇ ಇರಲಿಲ್ಲ ಸರ್.

ಲೆಕ್ಕದ ಮೇಷ್ಟ್ರು

ಒಳ್ಳೆ ಮಾಹಿತಿ. ಆದರೆ ಹೊಸಬರು ಕೇಳಿದ್ದು ರೆಡಿಂಗ್‌ನ ಮೂಲೆಯ ಪಬ್ ಬಗ್ಗೆ. ಆಲೂಗಡ್ಡೆ ತಿನ್ನಲಿಕ್ಕೆ ನೂರು ಮೈಲಿ ಹೋಗಬೇಕಾ?

ಕಾಲೇಜ್ ಕಟ್ಟೆ

ಐಪಿಎ (ಇಂಡಿಯಾ ಪೇಲ್ ಏಲ್) ಕುಡಿಯಿರಿ, ಅದು ನಮ್ಮದೇ ಬಿಯರ್. ಹಡಗಿನಲ್ಲಿ ಇಂಡಿಯಾಗೆ ಬರುವಾಗ ಹಾಳಾಗಬಾರದು ಅಂತ ನಮಗೋಸ್ಕರ ಕಂಡುಹಿಡಿದದ್ದು.

ಕೊಡಗಿನ ಹುಡುಗಿ

ನಮಗೋಸ್ಕರ ಅಂತೆ! ಕುಡಿದದ್ದು ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರು. ಯಾರೂ ಒಂದು ದಿನ ಕೂತು ಕಂಡುಹಿಡಿಯಲೂ ಇಲ್ಲ. ಹಾಪ್ಸ್ ಜಾಸ್ತಿ ಹಾಕಿ ಬಾಳಿಕೆ ಬರಿಸೋದು ಅವರಿಗೆ ಮೊದಲೇ ಗೊತ್ತಿತ್ತು. ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿ ಹಡಗುಕಟ್ಟೆಗೆ ಹತ್ತಿರ ಇತ್ತು, ಸಾಲಕ್ಕೂ ಕೊಡುತ್ತಿತ್ತು, ವ್ಯಾಪಾರ ಕುದುರಿತು. ಆಮೇಲೆ ಬರ್ಟನ್ ಊರಿನವರು ನುಗ್ಗಿದರು. ಅಲ್ಲಿನ ನೀರಿನಲ್ಲಿ ಜಿಪ್ಸಮ್ ಇದೆ, ಕಹಿ ಬಿಯರಿಗೆ ಹೇಳಿಮಾಡಿಸಿದ ನೀರು. ಪೋರ್ಟರ್ ಅನ್ನೋ ಕಪ್ಪು ಬಿಯರ್ ಕೂಡ ಹಡಗುಗಟ್ಟಲೆ ಬಂದಿತ್ತು, ಬಿಳಿ ಸಿಪಾಯಿಗಳು ಅದನ್ನೇ ಕುಡಿದರು. ಅದನ್ನು ಯಾಕೆ ಯಾರೂ ನಮ್ಮದು ಅನ್ನೋಲ್ಲ?

ಕಾಲೇಜ್ ಕಟ್ಟೆ

ಸರಿ ತಾಯಿ, ಸೋತೆ. ಆದರೂ ಬೆಂಗಳೂರಿನ ಪಬ್‌ಗಳೇ ಚೆಂದ. ಕೂತಲ್ಲಿಗೆ ಬರ್ತಾರೆ, ಕಡ್ಲೆಬೀಜ ಮಸಾಲೆ ಕೊಡ್ತಾರೆ.

ಧಾರವಾಡದಾಂವ

ಇಲ್ಲಿ ಕಡ್ಲಿಬೀಜ ಇಲ್ಲೇನು? ಸಣ್ಣ ಪ್ಯಾಕೆಟ್ ಅದ. ಈರುಳ್ಳಿ, ಖಾರ, ನಿಂಬಿಹಣ್ಣು ನಾವೇ ಕಲ್ಪನಾ ಮಾಡ್ಕೋಬೇಕು.

ಮೈಸೂರ್ ಮಲ್ಲಿಗೆ

ಕ್ರಿಸ್ಪ್ಸ್ (ನಮ್ಮೂರಿನ ಆಲೂಗಡ್ಡೆ ಚಿಪ್ಸ್) ಪ್ಯಾಕೆಟ್ ಬಗ್ಗೆ ಹೇಳಿ ಯಾರಾದರೂ. ಮೇಲಿಂದ ಬಾಯಿ ತೆಗೆದು ನೀವೊಬ್ಬರೇ ತಿನ್ನಬಾರದು. ಬೆನ್ನಿನ ಹೊಲಿಗೆ ಉದ್ದಕ್ಕೂ ಸೀಳಿ, ಬಾಳೆಲೆ ಹಾಸಿದ ಹಾಗೆ ಮೇಜಿನ ಮಧ್ಯ ಬಿಡಿಸಿಡಬೇಕು. ಬೆಳ್ಳಿ ಹಾಳೆ ಮೇಲೆ ಎಲ್ಲರೂ ಕೈಹಾಕುತ್ತಾರೆ. ರೌಂಡಿನ ಜೊತೆ ಎರಡು ಪ್ಯಾಕೆಟ್ ತಂದು ಹೀಗೆ ಬಿಡಿಸಿದರೆ ಅರ್ಧ ಬಾಕಿ ಅಲ್ಲೇ ತೀರಿತು.

ಲೆಕ್ಕದ ಮೇಷ್ಟ್ರು

ಕೌಂಟರಿನಲ್ಲಿ ಸಾಲು ನಿಲ್ಲಬೇಕಾ ಬೇಡವಾ ಅಂತಲೂ ಹೇಳಿಬಿಡಿ. ನಾನು ಶಿಸ್ತಾಗಿ ಒಬ್ಬರ ಹಿಂದೆ ಒಬ್ಬರು ನಿಲ್ಲೋಣ ಅಂದರೆ ನಮ್ಮ ಊರಿನ ಮುದುಕರೊಬ್ಬರು "ಇದೇನು ಪೋಸ್ಟಾಫೀಸಾ?" ಅಂತ ರೇಗಿದರು.

ಸ್ಲೌ ಸುಬ್ಬ

ಮುದುಕರೇ ಸರಿ. ಕೊರೋನಾ ಆದಮೇಲೆ ಶುರುವಾದ ಚಾಳಿ ಇದು. ಬಾರ್ ಉದ್ದಕ್ಕೂ ಹರಡಿಕೊಂಡು ನಿಲ್ಲಬೇಕು. ಯಾರು ಮೊದಲು ಬಂದರು ಅಂತ ಒಳಗಿರುವವರಿಗೆ ಗೊತ್ತಿರುತ್ತದೆ. ಅವರು ತಪ್ಪಿದರೆ ನೀವೇ "ಇವರು ನನಗಿಂತ ಮುಂಚೆ" ಅಂತ ಹೇಳಬೇಕು. ನೋಟು ಬೀಸೋದು, ಚಿಟಿಕೆ ಹೊಡೆಯೋದು ಮಾಡಿದರೆ ನಿಮ್ಮ ಸರದಿ ಕೊನೆಗೇ ಬರೋದು.

ಲೆಕ್ಕದ ಮೇಷ್ಟ್ರು

ಸಾಲಿಗೆ ಹೆಸರಾದ ದೇಶದಲ್ಲಿ ಅದೊಂದು ಕಡೆ ಮಾತ್ರ ಸಾಲು ಬೇಡವಂತೆ. ಒಪ್ಪೋಲ್ಲ ನಾನು.

ಕಾಫಿಪುಡಿ

ಊಟದ ಟೈಮ್ ಮರೀಬೇಡಿ ಹೊಸಬರೇ. ನಮ್ಮ ಊರಿನ ಪಬ್ಬಿನಲ್ಲಿ ಮಧ್ಯಾಹ್ನ ಎರಡೂವರೆಗೆ ಒಲೆ ಆರಿಸುತ್ತಾರೆ, ರಾತ್ರಿ ಒಂಬತ್ತಕ್ಕೆ ಮತ್ತೆ ಬಂದ್. ಬಾರ್ ತೆಗೆದಿರುತ್ತೆ, ಅಡುಗೆಮನೆ ಇರೋಲ್ಲ. ಅಪ್ಪ ಅಮ್ಮ ಬಂದಾಗ ಒಂಬತ್ತೂವರೆಗೆ ಕರೆದುಕೊಂಡು ಹೋಗಿ, ಮೂರು ಪ್ಯಾಕೆಟ್ ಕ್ರಿಸ್ಪ್ಸ್ ತಿನ್ನಿಸಿ ವಾಪಸ್ ಕರೆತಂದಿದ್ದೇನೆ. ಅಮ್ಮ ಮನೆಗೆ ಬಂದು ಉಪ್ಪಿಟ್ಟು ಮಾಡಿದರು.

ಕಾಲೇಜ್ ಕಟ್ಟೆ

ನನ್ನ ಮರ್ಯಾದೆ ಹೋದ ಕಥೆಯೂ ಇರಲಿ. ಬಂದ ಹೊಸದರಲ್ಲಿ ಒಂದು ಪಬ್ ಮುಂದೆ "ಫ್ರೀ ಹೌಸ್" ಅಂತ ದೊಡ್ಡ ಬೋರ್ಡ್ ನೋಡಿ, ಕುಡಿದು, ಧನ್ಯವಾದ ಹೇಳಿ ಬಾಗಿಲವರೆಗೂ ಹೋಗಿದ್ದೆ. ಕೊನೆಗೆ ದುಡ್ಡು ಕೊಡಲಿ ಅಂತ ಲೆಕ್ಕ ಬರೆದಿಟ್ಟಿದ್ದರು ಪಾಪ.

ಸ್ಲೌ ಸುಬ್ಬ

ಅಯ್ಯೋ! ಫ್ರೀ ಅಂದರೆ ಯಾವ ಬ್ರೂವರಿಗೂ, ಪಬ್ ಕಂಪನಿಗೂ ಕಟ್ಟುಬಿದ್ದಿಲ್ಲ, ಯಾರ ಬಿಯರ್ ಬೇಕಾದರೂ ತಂದು ಮಾರಬಹುದು ಅಂತ. ಮಿಕ್ಕ ಎಷ್ಟೋ ಪಬ್‌ಗಳು ಕಟ್ಟಡದ ಒಡೆಯರು ಹೇಳಿದ ಕಡೆಯಿಂದಲೇ ಬಿಯರ್ ತರಬೇಕು.

ಯಾರ್ಕ್‌ಶೈರ್ ಗೌಡ

ಹೊಸಬರೇ, ಹೆಂಡತಿಗೆ ಸೈಡರ್ ಅಂದರೆ ಸೇಬಿನ ಜ್ಯೂಸ್ ಅಂತ ಕೊಡಿಸಿಬಿಟ್ಟೀರಿ, ಜೋಕೆ. ಇಲ್ಲಿ ಅದು ಬಿಯರಿನಷ್ಟೇ ಏರುತ್ತದೆ. ಲೆಮನೇಡ್ ಕೇಳಿದರೆ ನಿಂಬೆ ಪಾನಕ ಬರೋಲ್ಲ, ಸ್ಪ್ರೈಟ್ ಥರದ್ದು ಬರುತ್ತದೆ. ಜಿಂಜರ್ ಬಿಯರ್ ಹೆಸರಿಗೆ ಬಿಯರ್, ಸಾಮಾನ್ಯವಾಗಿ ಮದ್ಯ ಇರೋಲ್ಲ, ಆದರೆ ಮದ್ಯ ಇರುವ ಬ್ರ್ಯಾಂಡೂ ಇವೆ. ಕೇಳಿ ತೆಗೆದುಕೊಳ್ಳಿ.

ರೆಡಿಂಗ್ ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತಿದ್ದೇನೆ.

ಶುಕ್ರವಾರ ಆರೂ ಐವತ್ತಕ್ಕೆ ಹೋಗಿ ಬಾರಿನಲ್ಲಿ ನಿಂತೆ. ಅದೇ ಹುಡುಗಿ. ನನ್ನನ್ನು ನೋಡಿ ಮತ್ತೆ ಕೈ ಬೀಸಿದಳು, ಈ ಸಲ ಎರಡಡಿ ದೂರದಿಂದ. ಅವರು ಬಂದ ಕೂಡಲೇ ಸುಬ್ಬಣ್ಣನ ಮಂತ್ರ ಹೇಳಿದೆ. ಯಜಮಾನರು ಎದೆ ಹಿಡಿದುಕೊಂಡು ಬೀಳುವ ಹಾಗೆ ನಾಟಕ ಮಾಡಿದರು. ಮೂರು ಪೈಂಟನ್ನು ಎರಡು ಕೈಯಲ್ಲಿ ತ್ರಿಕೋನದ ಹಾಗೆ ಹಿಡಿದು ತರುವುದು ನೋಡಲು ಸುಲಭ. ಒಂದು ಗುಟುಕಿನಷ್ಟು ನಾಯಿಯ ಮೇಲೆ ಚೆಲ್ಲಿತು. ಅದು ಕಣ್ಣೂ ಬಿಡದೆ ನೆಕ್ಕಿಕೊಂಡಿತು. ಕ್ರಿಸ್ಪ್ಸ್ ಪ್ಯಾಕೆಟ್ ಬೆನ್ನು ಸೀಳಿ ಬಾಳೆಲೆ ಹಾಸಿದೆ. ಯಾರೂ ಏನೂ ಹೇಳಲಿಲ್ಲ, ಆದರೆ ಎಲ್ಲರ ಕೈಯೂ ಬಂತು.

ಭಾನುವಾರ ಹೆಂಡತಿ ಬಂದಳು. ಅಲರ್ಜಿ ಫೈಲ್ ಕೇಳಿದೆ. ಎಣ್ಣೆಯದನ್ನು ಬೇರೆ ಕೇಳಿದೆ. ಅಡುಗೆಯವರೇ ಹೊರಗೆ ಬಂದು ಮೀನಿನ ಬಾಣಲೆ ಬೇರೆ, ಚಿಪ್ಸ್ ಬಾಣಲೆ ಬೇರೆ ಅಂತ ಹೇಳಿಹೋದರು. ಆದರೂ ಅವಳು ಜಾಕೆಟ್ ಆಲೂಗಡ್ಡೆಯೇ ತಿಂದಳು, ಗೌಡರ ಪೋಸ್ಟ್ ಓದಿಬಿಟ್ಟಿದ್ದಳು. ಚಟ್ನಿಪುಡಿ ಪರ್ಸಿನಲ್ಲಿತ್ತು. ಯಜಮಾನರ ಹೆಂಡತಿ ಒಂದು ಚಿಟಿಕೆ ಕೇಳಿ ತಮ್ಮ ಆಲೂಗಡ್ಡೆಗೆ ಉದುರಿಸಿಕೊಂಡರು. ಈಗ ಒಂದು ಡಬ್ಬಿ ಮಾಡಿಕೊಡಬೇಕಂತೆ.

ಹೊಸ ತೊಂದರೆ ಒಂದಿದೆ. ಮಂಗಳವಾರದ ಕ್ವಿಜ್ ತಂಡಕ್ಕೆ ನನ್ನನ್ನು ಸೇರಿಸಿಕೊಂಡಿದ್ದಾರೆ, ಕ್ರಿಕೆಟ್ ಪ್ರಶ್ನೆಗಳಿಗೆ ಅಂತ. ನನಗೆ ಕ್ರಿಕೆಟ್ ಬರೋಲ್ಲ. ಹೇಗೆ ಹೇಳಲಿ?

ಸ್ಲೌ ಸುಬ್ಬ

ಹೇಳಲೇಬೇಡಿ. ಕೇಳುವುದೆಲ್ಲ ಇಂಗ್ಲೆಂಡ್ ಆಟಗಾರರ ಬಗ್ಗೆ. ತಲೆ ಕೆರೆದುಕೊಂಡು ಬೋಥಮ್ ಅನ್ನಿ.

ಲೆಕ್ಕದ ಮೇಷ್ಟ್ರು

ಕ್ವಿಜ್ ದಿನ ರೌಂಡು ಇರುತ್ತಾ, ಇಲ್ಲ ಅವರವರದ್ದು ಅವರವರಿಗಾ?

ಧಾರವಾಡದಾಂವ

ಮೇಷ್ಟ್ರೇ, ನೀವು ಬರ್ರಿ, ನಿಮ್ಮ ಸೋಡಾ ನಂದು.